ಕಾಡಿನಲ್ಲಿ ಡಬ್ಬಿ ಕಾಯುವ ಕೆಲಸ

ಕಾಡಿಗೆ ಹೋಗುವುದೆಂದರೆ ಬೇರೆಯವರಿಗೆ ಹಕ್ಕಿ, ಗಾಳಿ, ನೆರಳು. ನನಗೆ ರೊಟ್ಟಿ. ಮನೆಯವರೆಲ್ಲ ಮಲಗಿರುವಾಗಲೇ ಎದ್ದು, ಮೂರು ಸಂಸಾರಕ್ಕಾಗುವಷ್ಟು ಸಜ್ಜಿ ರೊಟ್ಟಿ ಬಡಿಯುತ್ತಿದ್ದೆ. ಉಳಿದ ಎರಡು ಮನೆಯ ಹೆಂಗಸರು ನೌಕರಿಯವರು. ಮೊಸರು, ಬಾಳೆಹಣ್ಣು ತರುತ್ತಿದ್ದರು. ನಿಮ್ಮ ಕೈಯ ರೊಟ್ಟಿ ತಿಂದ ಬಾಯಿಗೆ ಬೇರೇನೂ ರುಚಿಸೋದಿಲ್ಲ ಎಂದು ನನ್ನನ್ನು ಅಟ್ಟಕ್ಕೇರಿಸಿ ತಾವು ಆರಾಮಾಗಿರುತ್ತಿದ್ದರು.

ಇದೆಲ್ಲ ಶುರುವಾದದ್ದು ಎಳ್ಳಮವಾಸ್ಯೆಯಿಂದ. ನಮ್ಮ ಉತ್ತರ ಕರ್ನಾಟಕದ ಕಡೆ ಆ ದಿನ ಅಡಿಗೆ ಹೊತ್ತುಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಮೊದಲ ತುತ್ತು ಚೆಲ್ಲಿ, ಆಮೇಲೆ ಊಟ. ಆ ಚೆಲ್ಲುವ ತುತ್ತಿಗೆ ಚರಗ ಎನ್ನುತ್ತಾರೆ. ದೊಮ್ಮಲೂರಿನ ಬಾಡಿಗೆ ಮನೆಯವರಿಗೆ ಹೊಲ ಎಲ್ಲಿಂದ ಬರಬೇಕು? ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ನನ್ನ ಗಂಡ ಉಪಾಯ ಹುಡುಕಿದರು. ಕೆ.ಆರ್. ಪುರ ದಾಟಿದರೆ ಸರಕಾರದ ದೊಡ್ಡ ಕಾಡು. ಎಲ್ಲರದೂ ಹೌದು ಅಂದ ಮೇಲೆ ನಮ್ಮದೂ ಹೌದು. ಅವರ ಆಫೀಸಿನ ಎರಡು ಸಂಸಾರ ಕೂಡಿಸಿಕೊಂಡು ವ್ಯಾನಿನಲ್ಲಿ ಹೋಗಿ, ಮರದ ಬುಡಗಳಿಗೆಲ್ಲ ಚರಗ ಚೆಲ್ಲಿದೆವು. ಭೂಮಿತಾಯಿ ಉಂಡಳೋ ಇಲ್ಲವೋ, ಮಂಗಗಳು ಉಂಡವು. ಮರುಸಲ ವ್ಯಾನಿನ ಬಾಗಿಲು ತೆರೆದ ಸದ್ದಿಗೇ ಹಿಂಡು ಇಳಿದು ಬಂತು. ಮಾಡಿದ್ದುಣ್ಣೋ ಮಹರಾಯ! ವ್ಯಾನಿನವನು ನಮ್ಮನ್ನು ಇಳಿಸಿ ಹೋದರೆ ಬರುವುದು ಸಂಜೆಗೆ. ಹೀಗಾಗಿ ಡಬ್ಬಿ ಕಾಯಲು ಜನ ಬೇಕಾಯಿತು.

ಅತ್ತೆಯವರಿಗೆ ಮೊಣಕಾಲು ನೋವು, ದೂರ ನಡೆಯಲಾರರು. ಅವರ ಜೊತೆ ಯಾರಾದರೂ ಇರಬೇಕು. ಆ ಯಾರಾದರೂ ನಾನೇ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಬರುಬರುತ್ತಾ ಅಮಾವಾಸ್ಯೆಯ ನೆಪವೂ ಬೇಡವಾಯಿತು. ಬೇಸಿಗೆಗೆ ನೆರಳೆಂದು, ಮಳೆಗಾಲಕ್ಕೆ ಹಸಿರೆಂದು, ಚಳಿಗೆ ಎಳೆಬಿಸಿಲೆಂದು ವರ್ಷವಿಡೀ ಹೊರಡುತ್ತಿದ್ದೆವು. ಹಿಂದಿನ ದಿನ ರಸೆಲ್ ಮಾರುಕಟ್ಟೆಯಲ್ಲಿ ನಾನು ಬದನೆಕಾಯಿ ಆರಿಸುವಾಗ ತರಕಾರಿಯವರು ಕೇಳುತ್ತಿದ್ದರು, "ಏನಮ್ಮಾ, ಇಷ್ಟೊಂದು? ಮನೇಲಿ ಶಾದಿನಾ?"

"ಇಲ್ಲ ಭಾಯ್, ನಾಳೆ ಕಾಡಿಗೆ ಹೋಗ್ತೀವಿ."

"ಒಳ್ಳೇದಮ್ಮಾ, ಆರಾಮ್ ಮಾಡ್ಕೊಂಡ್ ಬನ್ನಿ."

ಅದಕ್ಕೆ ನಗುವಷ್ಟು ತ್ರಾಣವೂ ನನ್ನಲ್ಲಿರುತ್ತಿರಲಿಲ್ಲ.

ಕಾಡಿನ ಒಳಗೊಂದು ಕುಂಟೆಯಿತ್ತು, ಪುಟ್ಟ ಕೆರೆಯಂಥದ್ದು. ಉಳಿದವರು ಕಾಲುದಾರಿ ಹಿಡಿದು ಅಲ್ಲಿಯವರೆಗೆ ಹೋಗಿ ಬಂದು, ತಾವರೆ ಅರಳಿದ್ದನ್ನೂ ಮಿಂಚುಳ್ಳಿ ಮೀನು ಹಿಡಿದದ್ದನ್ನೂ ವರ್ಣಿಸುತ್ತಿದ್ದರು. ನಾನು ಬಡಿಸುತ್ತಾ ಕೇಳುತ್ತಿದ್ದೆ. ಆ ನೀರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನನಗೆ ಮೊದಲ ವರ್ಷದಿಂದಲೂ ಆಸೆ. ಬಾಯಿಬಿಟ್ಟರೆ ಮುಂದಿನ ಸಲ ಹೋದರಾಯಿತು ಎನ್ನುತ್ತಿದ್ದರು. ಮುಂದಿನ ಸಲ ಎನ್ನುತ್ತಲೇ ದೊಮ್ಮಲೂರಿಗೆ ಮೇಲ್ಸೇತುವೆ ಬಂತು, ನನ್ನ ತಲೆ ನರೆಯಿತು.

ಆ ಹೊತ್ತಿನ ಒಂದು ಬೇಸಿಗೆಯಲ್ಲಿ, ಎಂದಿನಂತೆ ಎಲ್ಲರೂ ಅಡ್ಡಾಡಲು ಹೊರಟ ಮೇಲೆ, ನಾನು ಚಾಪೆಯ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದೆ. ಅತ್ತೆಯವರು ಕೋಲಿನಿಂದ ನೆಲ ಕುಟ್ಟಿದರು.

"ಏಳವ್ವಾ, ನೀನೂ ಹೋಗಿ ನೋಡಿ ಬಾ."

"ನೀವೊಬ್ರ ಹೆಂಗ ಇರ್ತೀರಿ ಅತ್ತೀ? ಮಂಗ್ಯಾ ಬಂದ್ರ?"

"ಬರ್ಲಿ, ಕೋಲೈತಿ. ಇಷ್ಟು ವರ್ಷ ನಿನ್ನ ಕಟ್ಟಿಹಾಕಿದ್ದು ಮಂಗ್ಯಾ ಅಲ್ಲ, ನನ್ನ ಮೊಣಕಾಲು. ಇವತ್ತ ಅದಕ್ಕ ಸೂಟಿ."

ಹೊರಟೆ. ಕಾಲು ಭಾರವಾಗಿತ್ತು. ದಾರಿಯಿಂದ ತುಸು ಸರಿದು ಒಂದು ಹೊಂಗೆ ಮರವಿತ್ತು. ಒಂದು ಗಳಿಗೆ ಕೂರೋಣವೆಂದು ಅದರ ಬುಡಕ್ಕೆ ಒರಗಿದೆ. ನೀರು ಕೊಡು, ಉಪ್ಪು ಎಲ್ಲಿ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಕಣ್ಣು ಮುಚ್ಚಿದ್ದೇ ಗೊತ್ತಾಗಲಿಲ್ಲ.

ಎಬ್ಬಿಸಿದ್ದು ಗಂಡ. "ಎಷ್ಟು ಹುಡುಕೋದು ನಿನ್ನ? ಎಲ್ಲಾರೂ ಹಸ್ಕೊಂಡು ಕುಂತಾರ, ನಡಿ."

"ಯಾಕ, ಡಬ್ಬಿ ಅಲ್ಲೇ ಅದಾವಲ್ರಿ?"

"ಅದಾವ. ನಿನ್ನ ದಾರಿ ಕಾಯಾಕತ್ತಾರ."

ಆ ಕಾಡಿನ ಮಂಗಗಳೂ ಡಬ್ಬಿಯ ಮುಚ್ಚಳ ತೆರೆಯಬಲ್ಲವು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು, ಅಳು ಬರುವಷ್ಟು ಸುಸ್ತು.

"ನಾ ಇನ್ನೂ ಕುಂಟಿ ನೋಡಿಲ್ಲ" ಎಂದೆ.

"ಈ ಬ್ಯಾಸಿಗ್ಯಾಗ ಅದ್ರಾಗ ಹನಿ ನೀರಿಲ್ಲ. ನೋಡೋದೇನೈತಿ?"

"ನೀರಿಲ್ಲದ ಕುಂಟೀನ ನೋಡಿ ಬರ್ತೀನಿ. ನೀವು ಹೋಗಿ ಬಡಸ್ರಿ."

 ಅವರು ಡಬ್ಬಿಗಳಿದ್ದ ಕಡೆಗೆ ತಿರುಗಿ ನಡೆದರು.

ಕುಂಟೆ ಅಲ್ಲಿಂದ ಹತ್ತಿರವೇ ಇತ್ತು. ಅವರು ಹೇಳಿದ್ದು ನಿಜ. ತಳದ ಮಣ್ಣು ಒಣಗಿ ಬಿರಿದಿತ್ತು, ಅಲ್ಲಲ್ಲಿ ದನಗಳ ಹೆಜ್ಜೆ, ತಾವರೆಯ ಒಣದಂಟು. ದಂಡೆಯ ಮೇಲೆ ಕಾಲು ಚಾಚಿ ಕೂತೆ. ಬೆಳಗಿನಿಂದ ಬಾಯಿಗೆ ಏನೂ ಹಾಕಿಲ್ಲವೆಂಬುದು ಕೂತ ಮೇಲೆ ನೆನಪಾಯಿತು. ಆ ಕಾಡಿನಲ್ಲಿ ಇಷ್ಟು ವರ್ಷ ನಾನು ಕೇಳಿದ್ದೆಲ್ಲ ಬೇರೆಯವರ ಹಸಿವು. ಈಗ ನನ್ನದೇ ಹೊಟ್ಟೆ ಚುರುಗುಟ್ಟುತ್ತಿತ್ತು. ಆ ಹಸಿವು ಇನ್ನಷ್ಟು ಏರಲೆಂದು ಕೂತೇ ಇದ್ದು, ಆಮೇಲೆ ಎದ್ದು ಊಟಕ್ಕೆ ಹೋದೆ.