ವೈನಿಯ ಪದದ ಡಬ್ಬಿ, ನನ್ನ ಬಿಎಸ್‌ಡಿ ಮತ್ತು ಮುಷ್ಕರ ಹೂಡಿದ ಕೀಬೋರ್ಡ್

ಕರ್ನಲ್ ಎದ್ದ ಕೂಡಲೇ ಕೀಬೋರ್ಡ್ ಮಲಗಿತು.

ಸೊಲ್ಲಾಪುರದಲ್ಲಿ ನಮ್ಮ ಅಣ್ಣನದು ಕಂಬಳಿ, ಚಾದರದ ಅಂಗಡಿ. ಅಲ್ಲಿನ ಮುದಿ ಕಂಪ್ಯೂಟರಿಗೆ ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ ಕುದುರೆಯಂತೆ ಓಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಯಾರೂ ಕೇಳಿರಲಿಲ್ಲ, ನಾನೇ ಕೊಟ್ಟೆ.

ನಾನು ಓದಿದ್ದು ನಮ್ಮೂರು ವಾಗದರಿಯ ಸಾಲೆಯಲ್ಲಿ, ಅದೂ ಮಾಸ್ತರರ ಕೈಗೆ ಸಿಕ್ಕಿಬಿದ್ದ ದಿನ ಮಾತ್ರ. ಉಳಿದ ದಿನ ಕುರಿಗಳ ಹಿಂದೆ.

ಆದರೂ ನಮ್ಮ ಅಕ್ಕಲಕೋಟ ತಾಲೂಕಿನಲ್ಲಿ ಬಿಎಸ್‌ಡಿ ಹಾಕಿದ ಮೊದಲ ಗಂಡಸು ನಾನೇ. ಅಲ್ಲ ಎನ್ನುವವರು ಕಾಮೆಂಟಿನಲ್ಲಿ ಬರಲಿ, ಮಾತಾಡೋಣ.

ಇರಲಿ... ಕೀಬೋರ್ಡಿಗೆ ಬರುತ್ತೇನೆ.

ಮಷೀನು ಚಾಲೂ ಆದಾಗ ಒತ್ತಿದ್ದೆಲ್ಲ ತೆಗೆದುಕೊಳ್ಳುತ್ತದೆ. ಪರದೆಯ ಮೇಲೆ ಅಕ್ಷರಗಳ ಮೆರವಣಿಗೆ ಹೊರಟು, ಕರ್ನಲ್, ಅಂದರೆ ಬಿಎಸ್‌ಡಿಯ ಯಜಮಾನ, ಯುಎಸ್‌ಬಿಯ ಕಾರಭಾರ ಕೈಗೆತ್ತಿಕೊಂಡ ಗಳಿಗೆಯಲ್ಲಿ ದೀಪ ಆರಿ ಹೆಣ.

ರೋಗ ನನಗೆ ಗೊತ್ತಿತ್ತು. ಯುಎಸ್‌ಬಿಯನ್ನು ಮೊದಲು ಮಷೀನಿನಲ್ಲಿ ಹುಟ್ಟಿನಿಂದಲೇ ಕೂತಿರುವ ಬಯೋಸ್ ಹಿಡಿದುಕೊಂಡಿರುತ್ತದೆ, ಆಮೇಲೆ ಕರ್ನಲ್ ಕೇಳುತ್ತದೆ, ಬಯೋಸ್ ಬಿಡುವುದಿಲ್ಲ. ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ಕೀಲಿಕೈ ಬರುವ ಹೊತ್ತಿನ ಜಗಳ.

ಬಯೋಸ್ ಒಳಗೆ ಹೋಗಿ ಯುಎಸ್‌ಬಿ ಲೆಗಸಿ ಸಪೋರ್ಟ್, ಅಂದರೆ ಅದರ ಆ ಹಿಡಿತವನ್ನೇ, ಬಂದ್ ಮಾಡಿದೆ. ಈಗ ಕೀಬೋರ್ಡ್ ಶುರುವಿನಲ್ಲಿ ಸತ್ತಿರುತ್ತದೆ, ಕರ್ನಲ್ ಎದ್ದ ಮೇಲೆ ಬದುಕುತ್ತದೆ. ನಮಗೆ ಬೇಕಾದದ್ದೂ ಅಷ್ಟೇ.

ಅಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಂದಲೇ ಕೇಳಿದ, "ಕಡೀಕ್ ಸಾಯ್ತಿತ್ತು, ಈಗ ಮದಲ ಸಾಯಾಕತ್ತದ. ಇದಕ್ಕ ರಿಪೇರಿ ಅಂತಾರೇನ್ಲೇ ಸಿದ್ರಾಮ?"

"ನೀ ಚಾದರ ಮಡಚಣ್ಣ."

ನಾನೇನು ದಡ್ಡನಲ್ಲ. ಅಂಗಡಿಯ ಲೆಕ್ಕವೆಲ್ಲ ಇರುವ ಹಾರ್ಡ್ ಡಿಸ್ಕಿನ ವೈರನ್ನು ಮೊದಲೇ ಕಿತ್ತಿಟ್ಟಿದ್ದೆ. ಒಂದು ಪೆನ್ ಡ್ರೈವಿನಿಂದ ಇನ್ನೊಂದಕ್ಕೆ ಬಿಎಸ್‌ಡಿ ಇಳಿಸಿ ಓಡಿಸಿ ತೋರಿಸುವುದು, ಅಣ್ಣ ತಲೆದೂಗಿದರೆ ಮುಂದಿನದು.

ಅಷ್ಟರಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ಪದದ ಡಬ್ಬಿ ಹಿಡಿದು ಬಂದರು.

ಅಂಗೈಯಗಲದ ಸ್ಪೀಕರು, ಒಳಗೊಂದು ಮೆಮರಿ ಕಾರ್ಡು. ಅದರಲ್ಲಿರುವುದು ಅವರ ತವರೂರು ತಡವಳದಲ್ಲಿ ಅವರಪ್ಪ ಹಾಡಿದ, ನಮ್ಮ ಕುರಿಗಾರರ ದೇವರು ಬೀರೋಬಾನ ಡೊಳ್ಳಿನ ಪದ. ಹಿರಿಯರು ತೀರಿಕೊಂಡರು, ರೆಕಾರ್ಡ್ ಮಾಡಿದ ಫೋನು ಬಾವಿ ಸೇರಿತು. ಈಗ ಆ ದನಿ ಇರುವುದು ಆ ಕಾರ್ಡೊಂದರಲ್ಲೇ.

ಅದು ಹಾಡದೆ ಅಂಗಡಿಯಲ್ಲಿ ಬೋಣಿ ಆಗುವುದಿಲ್ಲ.

"ಅಪ್ಪನ ದನಿ ಇಳ್ಯಾಕತ್ತದ ಭಾವಜಿ. ಚಾರ್ಜರ್ ಎಲ್ಲದರಿ?"

ಚಾರ್ಜರಿನಲ್ಲಿ ನನ್ನ ಫೋನಿತ್ತು. "ನಂದು ತುಂಬೂತನ ತಡೀರಿ ವೈನಿ."

"ನಿಮ್ದು ಯಾವಾಗ ತುಂಬಬೇಕು. ನಾ ಎಲ್ಲರೆ ಹಚ್ಕೋತೀನಿ, ನೀವು ಚಹಾ ಕುಡದು ಬರ್ರಿ."

ಕುಡಿದು ಬಂದು ಇನ್‌ಸ್ಟಾಲ್ ಹೊಸದಾಗಿ ಶುರು ಮಾಡಿದೆ. ಯಾವ ಡಿಸ್ಕಿಗೆ ಹಾಕಲಿ ಎಂದು ಕೇಳಿತು. ಎರಡು ಇರಬೇಕಾದಲ್ಲಿ ಮೂರು ಡಿಸ್ಕು ತೋರಿಸುತ್ತಿದೆ. ಮೂರನೆಯದು ನನ್ನ ಪೆನ್ ಡ್ರೈವಿಗಿಂತ ದೊಡ್ಡದು.

ಇಲ್ಲಿ ನನ್ನೊಳಗಿನ ಕುರಿಗಾರ ಎದ್ದು ಕೂತ.

ನಮ್ಮಲ್ಲಿ ಸಂಜೆ ದೊಡ್ಡಿಯ ಬಾಯಲ್ಲಿ ನಿಂತು ಕುರಿ ಎಣಿಸುತ್ತೇವೆ. ಒಂದು ಕಡಿಮೆ ಬಂದರೆ ಊರೆಲ್ಲ ಕೇಳುವಂತೆ ಕೂಗುತ್ತೇವೆ. ಒಂದು ಹೆಚ್ಚು ಬಂದರೆ... ಯಾರೂ ಕೂಗುವುದಿಲ್ಲ. ಸುಮ್ಮನೆ ಅದರ ಬೆನ್ನಿಗೂ ನಮ್ಮ ಬಣ್ಣ ಬಳಿದು ಒಳಗೆ ಬಿಡುತ್ತೇವೆ.

"ಅಣ್ಣಾ, ನಿನ್ನ ಮಷೀನ್ ಹೊಟ್ಟ್ಯಾಗ ಯಾರಿಗೂ ಗೊತ್ತಿಲ್ದ ಒಂದು ಡಿಸ್ಕ್ ಅದ. ನಾ ಹುಡುಕೀನಿ."

"ಇಷ್ಟ್ ವರ್ಷ ಯಾಕ ಕಂಡಿಲ್ಲ?"

"ಕಾಣಾಕ ಕಣ್ಣು ಬೇಕು."

ಅದನ್ನೇ ಆರಿಸಿದೆ. ಡಿಸ್ಕನ್ನು ಇಡಿಯಾಗಿ ಅಳಿಸಿ ಬಳಸಲೇ ಎಂದು ಕೇಳಿತು. ಇನ್ನು ಎಂಟರ್ ಒತ್ತುವುದೊಂದೇ ಬಾಕಿ.

ಒತ್ತುತ್ತೇನೆ... ಏನೂ ಇಲ್ಲ. ಮತ್ತೆ ಒತ್ತುತ್ತೇನೆ, ಗುದ್ದುತ್ತೇನೆ. ಕ್ಯಾಪ್ಸ್ ಲಾಕಿನ ದೀಪವೂ ಹತ್ತುತ್ತಿಲ್ಲ. ಕೀಬೋರ್ಡ್ ಮತ್ತೆ ಹೆಣ.

ಅದನ್ನು ಹಡೆದ ಕಂಪನಿಯ ಏಳು ಪೀಳಿಗೆಗೆ ಬೈದು, ವೈರ್ ಕಿತ್ತು ಹಚ್ಚೋಣ ಎಂದು ಸಿಪಿಯುವಿನ ಹಿಂದೆ ತಲೆ ತೂರಿಸಿದೆ.

ಕೀಬೋರ್ಡಿನ ಪಕ್ಕದ ತೂತಿನಲ್ಲಿ ಇನ್ನೊಂದು ವೈರು. ಅದರ ತುದಿಗೆ ಮೈತುಂಬ ದೇವರ ಭಂಡಾರದ ಅರಿಶಿನ ಮೆತ್ತಿಕೊಂಡು, ಕೆಂಪು ದೀಪ ಮಿಣುಕಿಸುತ್ತ ಕೂತಿದೆ ಪದದ ಡಬ್ಬಿ.

ನಾನು ಹುಡುಕಿದ ಮೂರನೇ ಡಿಸ್ಕು ವೈನಿ ಚಾರ್ಜಿಗೆ ಹಚ್ಚಿದ ಈ ಡಬ್ಬಿಯ ಮೆಮರಿ ಕಾರ್ಡು. ಬೀಗರ ಕುರಿಗೆ ಬಣ್ಣ ಬಳಿಯಲು ಹೊರಟಿದ್ದೆ.

ಎರಡೂ ತೂತಿಗೆ ಕರೆಂಟು ಒಂದೇ ಕಡೆಯಿಂದ. ಹಸಿದ ಡಬ್ಬಿ ಎಳೆದ ಎಳೆತಕ್ಕೆ ಕೀಬೋರ್ಡ್ ಕೈಚೆಲ್ಲಿತ್ತು. ಯಾವ ಜಗಳವನ್ನು ಮುಂಜಾನೆಯಿಂದ ಶಪಿಸುತ್ತಿದ್ದೆನೋ ಅಂಥದ್ದೇ ಇನ್ನೊಂದು ಜಗಳ ನನ್ನ ಕೈ ಹಿಡಿದು ನಿಲ್ಲಿಸಿತ್ತು.

ಡಬ್ಬಿ ಕಿತ್ತು ಕಿವಿಗೆ ಹಚ್ಚಿ ಗುಂಡಿ ಒತ್ತಿದೆ. ಒಂದು ಕೆಮ್ಮು. ಆಮೇಲೆ ಡೊಳ್ಳು. ಆಮೇಲೆ ಹಿರಿಯರು.

ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

"ಯಾಕ್ರಿ ಭಾವಜಿ, ಮಾರಿ ಒಣಗ್ಯದ?" ವೈನಿ ಬಂದು ನಿಂತಿದ್ದರು.

"ಕಾನ್‌ಫ್ಲಿಕ್ಟ್ ಸಿಕ್ತು ವೈನಿ."

"ಹಂಗಂದ್ರ?"

"ಎರಡು ಸಾಮಾನು ಒಂದ್ಕೊಂದು ಜಗಳಾಡೂದು."

"ಯಾರ್ ಯಾರ್ದು?"

"ನಂದು, ನಿಮ್ಮಪ್ಪಂದು." ಎಂಟರ್ ಒತ್ತಿದ್ದನ್ನೂ ಬಿಡದೆ ಹೇಳಿದೆ.

ವೈನಿ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು. ಆಮೇಲೆ, "ಅಪ್ಪನ ಜೋಡಿ ಜಗಳಾ ತಗದು ಗೆದ್ದವ್ರು ತಡವಳದಾಗೇ ಇಲ್ರಿ. ನೀವಂತೂ ವಾಗದರಿಯವ್ರು," ಅಂದರು.

ಹಾರ್ಡ್ ಡಿಸ್ಕಿನ ವೈರು ಮತ್ತೆ ಹಚ್ಚಿ, ಹಳೇ ಸಿಸ್ಟಂನಲ್ಲೇ ಎಲ್ಲ ಪದಗಳನ್ನೂ ಕಾಪಿ ಮಾಡಿದೆ. ಅಣ್ಣನ ಫೋನಿಗೆ, ನನ್ನ ಫೋನಿಗೆ, ಬಿಎಸ್‌ಡಿಗೆಂದು ತಂದ ಪೆನ್ ಡ್ರೈವಿಗೆ. ಅದನ್ನು ವೈನಿ ಈಗ ದೇವರ ಜಗಲಿಯಲ್ಲಿ ಇಟ್ಟಿದ್ದಾರೆ, ವಾಪಸ್ ಕೇಳುವ ಧೈರ್ಯ ನನಗಿಲ್ಲ.

ಮಾತು ಕೇಳದ ಕೀಬೋರ್ಡಿಗೆ ಕೈ ಮುಗಿದವರು ನಿಮ್ಮಲ್ಲಿ ಇನ್ನಾರಾದರೂ ಇದ್ದೀರೇನು, ಅಥವಾ ತಾಲೂಕಿಗೆ ಇದರಲ್ಲೂ ನಾನೇ ಮೊದಲಿಗನೋ?