ಕಂಬದ ಮೇಲೆ ಬುಡನ್ ಸಾಬರು

ಮೂವತ್ನಾಲ್ಕು ವರ್ಷದ ತನ್ನ ಸರ್ವೀಸಿನಲ್ಲಿ, ಮನುಷ್ಯರ ಮಾತು ಹಾಗಿರಲಿ, ತನ್ನ ಕೈಯಿಂದ ಒಂದು ಗುಬ್ಬಚ್ಚಿಗೂ ಶಾಕ್ ಹೊಡೆದಿಲ್ಲ ಎಂದು ಕರೆಂಟ್ ಆಫೀಸಿನ ಮೇಸ್ತ್ರಿ ಮೂಡಲಗಿರಿಯಪ್ಪ ಹೇಳುತ್ತಿದ್ದ. ಒಂದು ಸಲ ಹೇಳಿ ಬಿಡುವ ಆಸಾಮಿಯೇ? ಗುಬ್ಬಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಕಡಬದ ಕೆರೆ ಏರಿಯ ಮೇಲೆ, ಮದುವೆಮನೆಯ ಊಟದ ಸಾಲಿನಲ್ಲಿ ಹೇಳಿದ್ದ. ಒಮ್ಮೆಯಂತೂ ಹಲ್ಲು ಕೀಳುವ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಹೇಳಿ ಮುಗಿಸಿದ್ದ. ಅವನ ಗಂಟಲು ಅಂಥದ್ದು. ಗುಬ್ಬಿಯಲ್ಲಿ ನಿಂತು ಅವನು "ಏನ್ಲಾ" ಅಂದರೆ ನಿಟ್ಟೂರಿನಲ್ಲಿ ಕಟ್ಟಿಹಾಕಿದ ಎಮ್ಮೆ ಹಗ್ಗ ಜಗ್ಗುತ್ತಿತ್ತು.

ಪಕ್ಕದಲ್ಲಿ ಹಳೆಯ ಜೊತೆಗಾರ ಬುಡನ್ ಸಾಬರು ಕೂತಿದ್ದರೆ ಮಾತ್ರ ಅವನು ಈ ಗುಬ್ಬಚ್ಚಿಯ ಮಾತು ಎತ್ತುತ್ತಿರಲಿಲ್ಲ. ಅದನ್ನು ಯಾರೂ ಗಮನಿಸಿರಲಿಲ್ಲ.

ಈಗ ಸಾಬರು ಪಕ್ಕದಲ್ಲಿ ಕೂರುವಂತಿರಲಿಲ್ಲ. ಕುಣಿಗಲ್ಲಿನ ತಮ್ಮ ಮನೆಯ ಜಗಲಿಯಲ್ಲಿ ಬೆಳಗಿನ ಚಹಾ ಕುಡಿಯುತ್ತ ಹಾಗೇ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಮೂಡಲಗಿರಿಯಪ್ಪ ಹೋಗಿ ಮೂರು ಹಿಡಿ ಮಣ್ಣು ಹಾಕಿ ಬಂದ. ಬಂದವನು ಮೂರು ದಿನ ಮಾತಾಡಲಿಲ್ಲ. ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಮನೆ ಇಷ್ಟು ನಿಶ್ಶಬ್ದವಾದದ್ದನ್ನು ಕಾಣದ ಹೆಂಡತಿ ಕದರಮ್ಮ, ತನ್ನ ಕಿವಿಯೇ ಹೋಯಿತೆಂದು ಹೆದರಿ ಪಾತ್ರೆ ಬಡಿದು ನೋಡಿದಳು.

ಹನ್ನೊಂದನೆಯ ದಿನ, ಭಾನುವಾರ, ತುಮಕೂರಿನ ಶಿರಾ ಗೇಟ್ ಹತ್ತಿರದ ಒಂದು ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ. ಏರ್ಪಾಡು ಮಾಡಿದವನು ಅಂಜನ್‌ಕುಮಾರ್, ಇವರಿಬ್ಬರ ಕೈಕೆಳಗೆ ಕಂಬ ಹತ್ತಲು ಕಲಿತು ಈಗ ನೌಕರರ ಸಂಘದ ಕಾರ್ಯದರ್ಶಿ ಆಗಿರುವವನು.

"ಮೇಸ್ತ್ರಿ, ನೀವ್ ಮಾತಾಡ್ಲಿಲ್ಲಾಂದ್ರೆ ಅದು ಸಭೆನೇ ಅಲ್ಲ. ಸ್ವಲ್ಪ ನಗುಸ್ಬುಡಿ. ಎಲ್ಲಾ ಅತ್ಕಂಡ್ ಕೂತವ್ರೆ" ಎಂದು ಫೋನಿನಲ್ಲಿ ಹೇಳಿದ.

"ಬರ್ತೀನಿ ಬುಡು" ಎಂದ ಮೂಡಲಗಿರಿಯಪ್ಪ. ಆದರೆ ಅವನು ಹೊರಟದ್ದು ನಗಿಸುವುದಕ್ಕಲ್ಲ. ಇಪ್ಪತ್ತೊಂದು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಒಂದು ನಿಜವನ್ನು ಇವತ್ತು ಮೈಕಿನ ಮುಂದೆ ಉಗುಳಿಬಿಡಬೇಕು, ಸಾಬರ ಹೆಸರಿಗೆ ಹತ್ತಿದ ಕಲೆಯನ್ನು ಎಲ್ಲರ ಎದುರು ತೊಳೆಯಬೇಕು ಎಂದು ನಿರ್ಧರಿಸಿಯೇ ಬಸ್ಸು ಹತ್ತಿದ.

ಇಬ್ಬರೂ ಒಂದೇ ದಿನ ಗುಬ್ಬಿಯ ಕರೆಂಟ್ ಆಫೀಸಿಗೆ ಲೈನ್‌ಮನ್ ಆಗಿ ಸೇರಿದವರು. ಸಾಬರು ಎಷ್ಟು ತೆಳ್ಳಗಿದ್ದರೆಂದರೆ, ಉರಿಬಿಸಿಲಿನಲ್ಲಿ ಕಂಬದ ನೆರಳು ಅವರೊಬ್ಬರಿಗೆ ಸಾಕಾಗಿ ಇನ್ನೊಬ್ಬರಿಗೂ ಮಿಗುತ್ತಿತ್ತು. ಮಾತು ಅದಕ್ಕಿಂತ ತೆಳು. ಹತ್ತುವ ಮೊದಲು ಕಟಿಂಗ್ ಪ್ಲೇಯರ್‌ನಿಂದ ಕಂಬವನ್ನು ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, "ಬಿಸ್ಮಿಲ್ಲಾ" ಎಂದು ಕಾಲಿಡುತ್ತಿದ್ದರು. ತಂತಿಗೆ ತಾಗುವ ಕೊಂಬೆ ಕಡಿಯಲು ಹೋದಾಗ ಅದರಲ್ಲಿ ಗೂಡು ಕಂಡರೆ, ಕೊಂಬೆಯನ್ನು ಹಗ್ಗ ಹಾಕಿ ಹಿಂದಕ್ಕೆ ಎಳೆದು ಕಟ್ಟಿ, ಮರಿ ಹಾರಿಹೋದ ಮೇಲೆ ಬಂದು ಕಡಿಯುತ್ತಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತೆಂದರೆ ಊರೂರಿನ ಟ್ರಾನ್ಸ್‌ಫಾರ್ಮರುಗಳನ್ನು ಬಾಣಂತಿಯರನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದರು. ಆ ಕಡೆ ಅದಕ್ಕೆ ಟಿಸಿ ಅನ್ನುತ್ತಾರೆ. "ಮಕ್ಳು ಓದ್ಕತಾವೆ ಕಣಮ್ಮಾ, ಇನ್ನಿಪ್ಪತ್ ದಿನ ಸುಮ್ನಿರು" ಎಂದು ಒಂದು ಹಳೆಯ ಟಿಸಿಗೆ ಅವರು ಬುದ್ಧಿ ಹೇಳುತ್ತಿದ್ದುದನ್ನು ಮೂಡಲಗಿರಿಯಪ್ಪ ಕಣ್ಣಾರೆ ಕಂಡಿದ್ದ. ಆ ಟಿಸಿ ನಾಚಿಕೊಂಡು ಆ ವರ್ಷವೆಲ್ಲ ಗುಂಯ್ ಎನ್ನುವುದನ್ನೂ ಬಿಟ್ಟಿತ್ತು ಎಂಬುದು ಅವನ ಸೇರ್ಪಡೆ.

ಅವರಿಬ್ಬರ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ಕಂಬ ಹತ್ತುವವನು ಮೊದಲು ಟಿಸಿಯ ಪೆಟ್ಟಿಗೆಯಿಂದ ಮೂರೂ ಫ್ಯೂಸುಗಳನ್ನು ತಾನೇ ಕಿತ್ತು ಇನ್ನೊಬ್ಬನ ಮಡಿಲಿಗೆ ಹಾಕಬೇಕು. ಕೆಳಗಿರುವವನು ಅವನ್ನಿಟ್ಟುಕೊಂಡು ಅಲ್ಲೇ ಕೂತಿರಬೇಕು. ಇಳಿದು ಬಂದವನೇ ಅವನ್ನು ಕೇಳಿ ತೆಗೆದುಕೊಂಡು, ತನ್ನ ಕೈಯಾರೆ ಮತ್ತೆ ಹಾಕಬೇಕು. ಪ್ರಧಾನಮಂತ್ರಿಯೇ ಬಂದು ಕೇಳಿದರೂ ಕೆಳಗಿರುವವನು ಫ್ಯೂಸು ಮುಟ್ಟುವಂತಿಲ್ಲ. ಇಲಾಖೆಯ ಪುಸ್ತಕದಲ್ಲಿ ಇದು ಇರಲಿಲ್ಲ. ಇದು ಸಾಬರ ಕಾನೂನು. "ಪಿಂಗಾಣಿ ಅಲ್ಲ ಕಣ್ಲಾ ಗಿರಿಯಾ ಅದು, ನನ್ ಜೀವ. ಮಡ್ಲಲ್ಲಿ ಮಡಿಕ್ಕೊಂಡಿರು" ಅನ್ನುತ್ತಿದ್ದರು.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ. ಕಡಬದ ಹತ್ತಿರ ಒಂದು ತೆಂಗಿನ ತೋಟ. ತೋಟದ ಆಚೆಯ ಕಂಬಕ್ಕೆ ಸಾಬರು ಹತ್ತಿದ್ದರು. ಈಚೆ, ಟಿಸಿಯ ಬುಡದಲ್ಲಿ, ಮೂರು ಫ್ಯೂಸನ್ನು ಮಡಿಲಲ್ಲಿಟ್ಟುಕೊಂಡು ಮೂಡಲಗಿರಿಯಪ್ಪ ಕೂತಿದ್ದ. ಕಡಬ ಅವನದೇ ಊರು. ಪಂಪ್‌ಸೆಟ್ಟಿಗೆ ಕರೆಂಟು ಕಾಯುತ್ತಿದ್ದ ನಾಲ್ಕು ಜನ ಸುತ್ತ ಸೇರಿದರು. ನಾಲ್ಕು ಜನ ಸಿಕ್ಕರೆ ಮೂಡಲಗಿರಿಯಪ್ಪನಿಗೆ ಊಟ ಬೇಡ. ಕಡಬದ ಕೆರೆಯ ಮೀನಿನ ಕಥೆ ತೆಗೆದ. ಆ ಮೀನು ಮಗ್ಗುಲು ಬದಲಾಯಿಸಿದರೆ ಬೇಸಿಗೆಯಲ್ಲೂ ಕೆರೆ ಕೋಡಿ ಬೀಳುತ್ತಿತ್ತು; ಅದರ ಮೀಸೆಗೆ ಎರಡು ಜೋಡಿ ಎತ್ತು ಕಟ್ಟಿ ಎಳೆಸಿದರೆ ಎತ್ತುಗಳೇ ನೀರಿಗೆ ಹೋದವು. ಮೂರನೆಯ ಜೋಡಿ ಕಟ್ಟುವ ಹೊತ್ತಿಗೆ ಒಬ್ಬ ಕೇಳಿದ: "ಅದ್ಸರಿ, ಕರೆಂಟ್ ಯಾವಾಗ್ ಬತ್ತದೆ?"

ಮೂಡಲಗಿರಿಯಪ್ಪ ತಿರುಗಿ ನೋಡಿದ. ತೆಂಗಿನ ಮರಗಳ ನಡುವೆ, ಕಂಬದ ಬುಡದಲ್ಲಿ, ಒಂದು ಖಾಕಿ ಅಂಗಿ ನಿಂತಿತ್ತು. ಸಾಬರು ಇಳಿದರು ಎಂದುಕೊಂಡ. "ಬಂದೇ ಬುಡ್ತು" ಎಂದು ಎದ್ದ. ಕಥೆ ನಿಲ್ಲಿಸಲಿಲ್ಲ. ಬಾಯಿ ಮೀನು ಎಳೆಯುತ್ತಿತ್ತು, ಕೈ ಫ್ಯೂಸು ಹಾಕುತ್ತಿತ್ತು.

ಮೂರನೆಯದು ಕೂತಾಗ ತೋಟದ ಆಚೆಯಿಂದ ಒಂದು ಕೂಗು ಬಂತು. ಹಲ್ಲಿಯನ್ನು ಮೊಸಳೆ ಮಾಡಿ ಹೇಳುವ ಮೂಡಲಗಿರಿಯಪ್ಪ ಆ ಕೂಗಿನ ವಿಷಯವನ್ನು ಮಾತ್ರ ಯಾರಿಗೂ ಹೇಳಿಲ್ಲ.

ಖಾಕಿ ಅಂಗಿ ಒಬ್ಬ ಆಟೋ ಡ್ರೈವರನದು, ನೆರಳಿಗೆಂದು ನಿಂತಿದ್ದ. ಕಂಬಕ್ಕೆ ಬಿಗಿದಿದ್ದ ಸೊಂಟದ ಬೆಲ್ಟು ಹಿಡಿದುಕೊಂಡದ್ದರಿಂದ ಸಾಬರು ಕೆಳಕ್ಕೆ ಬೀಳಲಿಲ್ಲ. ಬಲಗೈಯ ಎರಡು ಬೆರಳನ್ನು ಡಾಕ್ಟರು ತೆಗೆದರು.

ಮೇಲಧಿಕಾರಿ ಆಸ್ಪತ್ರೆಗೆ ವಿಚಾರಣೆಗೆ ಬಂದರು. ಮಂಚದ ಪಕ್ಕ ನಿಂತಿದ್ದ ಮೂಡಲಗಿರಿಯಪ್ಪ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಸಾಬರು, ಮಾತೇ ಆಡದ ಸಾಬರು, ಗಡಗಡ ಹೇಳಿ ಮುಗಿಸಿದರು: "ನಾನ್ ಇಳ್ದು ಬಂದು ಫ್ಯೂಸ್ ಹಾಕು ಅಂದೆ ಸಾರ್. ಆಮೇಲೆ ಪ್ಲೇಯರ್ ಮರ್ತೆ ಅಂತ ಹೇಳ್ದೆ ಕೇಳ್ದೆ ಮತ್ತೆ ಹತ್ಬುಟ್ಟೆ. ತಪ್ಪು ನಂದೇ."

ಮೂಡಲಗಿರಿಯಪ್ಪನ ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಮನೆಯಲ್ಲಿ ಓದುವ ಎರಡು ಮಕ್ಕಳು. ಕೆಲಸ ಹೋಗುವ ಭಯ. ಕಥೆ ಕೇಳಿದ್ದ ನಾಲ್ವರೂ ತಮ್ಮೂರಿನವನು ಕೆಲಸ ಕಳೆದುಕೊಂಡು ಮನೆ ಸೇರಬಾರದೆಂದು ತುಟಿ ಬಿಚ್ಚಲಿಲ್ಲ. ಸಾಬರ ಕಡತದಲ್ಲಿ 'ಅಜಾಗರೂಕತೆ' ಎಂದು ಸೇರಿತು. ಆ ವರ್ಷ ಅವರಿಗೆ ಬರಬೇಕಿದ್ದ ಮೇಸ್ತ್ರಿ ಹುದ್ದೆ ಮೂಡಲಗಿರಿಯಪ್ಪನಿಗೆ ಬಂತು. ಎಲ್ಲರಿಗೂ ಮೈಸೂರುಪಾಕು ಹಂಚಿದವರು ಸಾಬರೇ, ಎಡಗೈಯಲ್ಲಿ. ಆಮೇಲೆ ಎಷ್ಟೋ ಸಲ ಮೂಡಲಗಿರಿಯಪ್ಪ "ಸಾಬ್ರೇ, ಅವತ್ತು..." ಎಂದು ಶುರು ಮಾಡುತ್ತಿದ್ದ. "ಸುಮ್ನಿರ್ಲಾ, ಟೀ ಆರೋಯ್ತದೆ" ಎಂದು ಅವರು ಅಲ್ಲಿಗೇ ಕತ್ತರಿಸುತ್ತಿದ್ದರು. ಕೊನೆಗೆ ಅವನೂ ಸುಮ್ಮನಾದ. ಸುಮ್ಮನಾಗುವುದು ಅಷ್ಟು ಸುಲಭವೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ಸಭೆಯಲ್ಲಿ ಮೊದಲು ಮಾತಾಡಿದವರು ನಿವೃತ್ತ ಎಂಜಿನಿಯರ್ ನಾಗಭೂಷಣ್. ಒಳ್ಳೆಯ ಮನುಷ್ಯ. ಮನಸಾರೆ ಹೊಗಳಿದರು. ಕೊನೆಯಲ್ಲಿ, "ಎರಡು ಸಾವಿರದ ಮೂರರ ಆ ಒಂದೇ ಒಂದು ಅಜಾಗರೂಕತೆ ಬಿಟ್ಟರೆ, ಬುಡನ್ ಸಾಬರ ಸೇವೆಯಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ" ಎಂದರು.

ಮೂಡಲಗಿರಿಯಪ್ಪ ತನ್ನ ಸರದಿ ಕಾಯದೆ ಎದ್ದು ಹೋಗಿ ಮೈಕು ಹಿಡಿದ. ಅವನು ಎದ್ದದ್ದೇ ತಡ, ಹಿಂದಿನ ಸಾಲಿನವರು ನಗುವುದಕ್ಕೆ ತಯಾರಾಗಿ ಕುರ್ಚಿ ಮುಂದಕ್ಕೆಳೆದುಕೊಂಡರು.

"ಆ ಚುಕ್ಕೆ ಸಾಬರದಲ್ಲ, ನಂದು" ಎಂದ. "ಅವ್ರು ಕಂಬದ ಮೇಲೇ ಇದ್ರು. ನಾನು ಕೆಳಗೆ ಮೀನಿನ ಕಥೆ ಹೇಳ್ತಾ ಕೂತಿದ್ದೆ. ಯಾವನೋ ಆಟೋದವನ್ನ ನೋಡಿ ಸಾಬ್ರು ಅಂದ್ಕಂಡು ಫ್ಯೂಸ್ ಹಾಕ್ದೆ. ಅವ್ರ ಬೆರಳು ತೆಗೆದದ್ದು ನಾನು. ಅವ್ರ ಮೇಸ್ತ್ರಿಗಿರಿ ತಿಂದದ್ದೂ ನಾನು."

'ಮೀನು' ಎಂಬ ಮಾತು ಹಿಡಿದು ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನಗು ಇಡೀ ಹಾಲ್‌ಗೆ ಹಬ್ಬಿತು. ನಾಗಭೂಷಣ್ ಮಾತ್ರ ನಗದೆ ಕಣ್ಣೊರೆಸಿಕೊಂಡು ಎದ್ದರು. "ನೋಡಿ, ಗೆಳೆಯನ ತಪ್ಪನ್ನೂ ತನ್ನ ಮೇಲೆ ಎಳೆದುಕೊಳ್ಳುವ ಮನಸ್ಸು! ಇಂಥ ಸ್ನೇಹ ಈಗ ಎಲ್ಲಿದೆ?" ಎಂದರು. ಚಪ್ಪಾಳೆ ಬಿತ್ತು. ಯಾರೋ ಬಂದು, ಸಾಬರ ಫೋಟೋಗೆಂದು ತಂದು ಮಿಕ್ಕಿದ್ದ ಸೇವಂತಿಗೆ ಹಾರವನ್ನು ಮೂಡಲಗಿರಿಯಪ್ಪನ ಕೊರಳಿಗೆ ಹಾಕಿದರು.

ಹೊರಗೆ ಬಂದವನ ಹಿಂದೆಯೇ ಅಂಜನ್‌ಕುಮಾರ್ ಓಡಿಬಂದ. "ಮೇಸ್ತ್ರಿ, ಕಣ್ಣಲ್ಲಿ ನೀರ್ ಬರ್ಸ್‌ಬುಟ್ರಲ್ರೀ!"

"ಲೇ ಅಂಜನ್, ನಿಜ ಕಣೋ ಅದು."

"ನಿಜಾನೇ ಬುಡಿ. ಕಡಬದ ಮೀನೂ ನಿಜಾನೇ ಅಲ್ವಾ?"

ಮೂಡಲಗಿರಿಯಪ್ಪ ಹಾರ ಕಿತ್ತು ಅವನ ಕೈಗೆ ತುರುಕಿದ. ಮೂವತ್ನಾಲ್ಕು ವರ್ಷ ಹೇಳಿದ ಸುಳ್ಳನ್ನೆಲ್ಲ ನಂಬಿದವರ ಹಾಗೆ ತಲೆಯಾಡಿಸಿದ ಜನ, ಹೇಳಿದ ಒಂದೇ ಒಂದು ನಿಜಕ್ಕೆ ನಕ್ಕು ಹಾರ ಹಾಕಿದ್ದರು. ಅವನು ಸೀದಾ ಹೋಗಿ ಕುಣಿಗಲ್ ಬಸ್ಸು ಹತ್ತಿದ. ಇನ್ನು ಉಳಿದವರು ಒಬ್ಬರೇ. ಕುಣಿಗಲ್ಲಿನ ಮನೆಯಲ್ಲಿ ಸಾಬರ ಹೆಂಡತಿ ರೋಷನ್ ಬೀ ಕೂಡ ನಂಬದಿದ್ದರೆ ಸಾಬರ ಮೇಲಿನ ಸುಳ್ಳು ಸಾಬರ ಜೊತೆಗೇ ಮಣ್ಣು ಸೇರಿ ಶಾಶ್ವತವಾಗಿಬಿಡುತ್ತದೆ. ನಂಬಿದರೆ? ನಂಬಿದರೆ ಆ ಬಾಗಿಲು ಅವನಿಗೆ ಮತ್ತೆ ತೆರೆಯುವುದಿಲ್ಲ. ಟಿಕೆಟ್ ಕೇಳಿದ ಕಂಡಕ್ಟರಿಗೆ ಅವನು ಕೊಟ್ಟ ಉತ್ತರ ಎಷ್ಟು ಮೆಲ್ಲಗಿತ್ತೆಂದರೆ, ಆತ ಮೂರು ಸಲ "ಎಲ್ಲಿಗೆ?" ಎಂದು ಕೇಳಬೇಕಾಯಿತು.

ಬಾಗಿಲು ತೆರೆದವಳು ಸಾಬರ ಮಗಳು ಅರ್ಜೂ. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಹೊರಗಿನ ಗಂಡಸರ ಎದುರು ಬರುವುದಿಲ್ಲ; ರೋಷನ್ ಬೀ ಆ ಇದ್ದತ್ತಿನಲ್ಲಿದ್ದರು. ಒಳಕೋಣೆಯ ಬಾಗಿಲಿಗೆ ಹೂವಿನ ಪರದೆ ಇಳಿಬಿಟ್ಟಿತ್ತು. ಅರ್ಜೂ ಅದರ ಮುಂದೆ ಒಂದು ಕುರ್ಚಿ ಹಾಕಿ ಅಡುಗೆಮನೆಗೆ ಹೋದಳು.

"ಊಟ ಆಯ್ತಾ ಗಿರಿಯಣ್ಣ?" ಪರದೆ ಕೇಳಿತು.

"ತಂಗೀ, ಒಂದ್ ಮಾತ್ ಹೇಳ್ಬೇಕು. ನಗಬ್ಯಾಡ."

"ನಗೋಕೆ ಏನೈತೆ ಅಣ್ಣಾ ಈಗ. ಹೇಳಿ."

ಹೇಳಿದ. ಮೀನಿನ ಮೀಸೆಯನ್ನೂ ಬಿಡದೆ ಹೇಳಿದ, ಏಕೆಂದರೆ ಅದೂ ತಪ್ಪಿನ ಭಾಗವೇ. ಖಾಕಿ ಅಂಗಿ ಹೇಳಿದ, ಮೂರನೆಯ ಫ್ಯೂಸು ಹೇಳಿದ. ಯಾರಿಗೂ ಹೇಳದಿದ್ದ ಆ ಕೂಗನ್ನು ಹೇಳಲು ಹೋದಾಗ ಮಾತು ಬರಲಿಲ್ಲ. ಗುಬ್ಬಿಯಿಂದ ನಿಟ್ಟೂರಿಗೆ ಕೇಳಿಸುತ್ತಿದ್ದ ಆ ಗಂಟಲು ಎರಡು ಮೊಳದಾಚೆಯ ಪರದೆಗೂ ಮುಟ್ಟದೆ ನಿಂತಿತು. ಅರವತ್ತೊಂಬತ್ತು ವರ್ಷದ ಆಸಾಮಿ ಟವೆಲಿನಿಂದ ಮುಖ ಮುಚ್ಚಿಕೊಂಡ.



"ನಂಬ್ತೀಯಾ ತಂಗೀ?"

"ನಂಬೋದೇನು, ನಂಗೆ ಗೊತ್ತಿತ್ತು" ಎಂದರು ರೋಷನ್ ಬೀ. "ಆಸ್ಪತ್ರೆಯಿಂದ ಮನೆಗ್ ಬಂದಿದ್ ದಿನಾನೇ ಹೇಳಿದ್ರು. ನಂಗೆ ಬಂದಿದ್ ಕೋಪಕ್ಕೆ, ನಿಮ್ ಮನೆ ಮುಂದೆ ನಿಂತು ಬೀದಿ ಜನ ಎಲ್ಲಾ ಸೇರೋ ಹಂಗೆ ಬೈದ್ ಬರ್ತೀನಿ ಅಂತ ಬುರ್ಖಾ ಹಾಕ್ಕೊಂಡು ಹೊರಟೇಬಿಟ್ಟಿದ್ದೆ. ಅವ್ರು ಬಿಡ್ಲಿಲ್ಲ. ಬೈಯೋಕಾಗ್ಲಿಲ್ಲ ಅಂತ ಏಳು ವರ್ಷ ನಿಮ್ ಟೀಗೆ ಸಕ್ಕರೇನೇ ಹಾಕ್ಲಿಲ್ಲ ನಾನು."

"ನಿಮ್ ಮನೇಲಿ ಹಂಗೇ ಕುಡೀತಾರೆ ಅಂದ್ಕಂಡಿದ್ದೆ ಕಣವ್ವಾ" ಎಂದ ಮೂಡಲಗಿರಿಯಪ್ಪ, ಟವೆಲಿನ ಒಳಗಿನಿಂದಲೇ.

ಪರದೆಯ ಆಚೆ ಒಂದು ಸಣ್ಣ ನಗು ಹುಟ್ಟಿ, ನಡುವೆಯೇ ಅಳುವಾಯಿತು.

"ಬಾಗಿಲಲ್ಲಿ ಅಡ್ಡ ನಿಂತು ಅವ್ರು ಏನಂದ್ರು ಗೊತ್ತಾ ಅಣ್ಣಾ?" ರೋಷನ್ ಬೀ ಮೂಗು ಒರೆಸಿಕೊಂಡು ಹೇಳಿದರು. "ಆ ಗಿರಿಯ ಒಂದಲ್ಲ ಒಂದಿನ ಬಂದು ತಪ್ಪೆಲ್ಲಾ ನಂದೇ ಅಂತ ಅಳ್ತಾನೆ, ನಂಬ್ಬೇಡ ಅಂದ್ರು. 'ನನ್ ಕೆಲ್ಸ ಯಾವಾಗ್ಲೋ ಮುಗ್ದಿತ್ತು. ಅವ್ನ್ ಹೇಳ್ತಿದ್ ಮೀನಿನ ಕಥೆ ಮೇಲಕ್ಕೇ ಕೇಳುಸ್ತಿತ್ತು, ಅದುನ್ನ ಕೇಳ್ಕಂಡು ಇಳೀದೆ ಅಲ್ಲೇ ಕೂತಿದ್ದೆ. ಅವ್ನು ಏನೇ ಹೇಳ್ಲಿ, ಅರ್ಧ ಕಳ್ದು ಕೇಳು. ಆ ಕಳ್ದಿದ್ ಅರ್ಧ ನಂದು' ಅಂದ್ರು."