ಫ್ಯಾನಿಗೆ ಬಿಟ್ಟ ಎಣ್ಣೆ

ಇದನ್ನು ಹೇಳುವುದನ್ನು ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಪ್ರತಿ ಸಲ ಏನೋ ಒಂದು ನೆವ ಸಿಗುತ್ತಿತ್ತು. ಈಗ ನೆವಗಳೂ ಮುಗಿದಿವೆ.

ರಾಮದುರ್ಗದ ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಮೆಟ್ರಿಕ್ ಮುಗಿಸಿ ಮಗ್ಗಕ್ಕೆ ಕುಳಿತವನು ನಾನು. ಈಗ ಮಗ ನಡೆಸುತ್ತಾನೆ. ಸೊಸೆ ಸೀರೆಯ ದಡಿಯ ನಮೂನೆಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಳು. ಊರಿನ ನಾಲ್ಕಾರು ಮಗ್ಗದವರು ಅವಳಿಂದಲೇ ನಮೂನೆ ಒಯ್ಯುತ್ತಿದ್ದರು. ಆ ಕಂಪ್ಯೂಟರು ಅಂಗಡಿಯಿಂದ ಸಿದ್ಧವಾಗಿ ಬಂದದ್ದಲ್ಲ. ಹುಬ್ಬಳ್ಳಿಯಿಂದ ಒಂದೊಂದೇ ಭಾಗ ತರಿಸಿ, ಮೊಬೈಲಿನಲ್ಲಿ ನೋಡಿಕೊಳ್ಳುತ್ತ, ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು ಅವಳೇ ಜೋಡಿಸಿದ್ದಳು. ಪರದೆ ಬೆಳಗಿದ ದಿನ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ನನಗೆ ಮಾತ್ರ ಬೇರೆಯಾಗಿ ಹೇಳಿದಳು: “ಮಾವಾರ, ಇದನ್ನೊಂದು ಮುಟ್ಟಬ್ಯಾಡ್ರಿ.”

ಅಮಾವಾಸ್ಯೆಗೆ ನಾವು ಮಗ್ಗ ನಿಲ್ಲಿಸುತ್ತೇವೆ. ನೂಲಿನ ಜುಂಗು ತೆಗೆದು, ಒರೆಸಿ, ತಿರುಗುವ ಕಡೆಗೆಲ್ಲ ಎಣ್ಣೆ ಬಿಟ್ಟು ಪೂಜೆ ಮಾಡುತ್ತೇವೆ. ಆ ಅಮಾವಾಸ್ಯೆಗೆ ಅವಳು ಮುನವಳ್ಳಿಯ ತವರಿಗೆ ಹೋಗಿದ್ದಳು. ಕೆಲವು ದಿನಗಳಿಂದ ಕಂಪ್ಯೂಟರ್ ಪೆಟ್ಟಿಗೆಯ ಹಿಂದಿನ ಫ್ಯಾನು ಕಿರಗುಟ್ಟುತ್ತಿತ್ತು. ಕಿರಗುಟ್ಟುವುದಕ್ಕೆ ಮದ್ದು ನನಗೆ ಗೊತ್ತಿಲ್ಲವೇ? ಜಾಲರಿಯ ಸಂದಿಗೆ ಎಣ್ಣೆಡಬ್ಬಿಯ ಮೂತಿ ಇಟ್ಟು ಒತ್ತಿದೆ. ಒಂದು ಹನಿಯಲ್ಲ, ಮಗ್ಗಕ್ಕೆ ಬಿಡುವಷ್ಟು. ಆಮೇಲೆ ಮಗ್ಗಗಳಿಗೆ ಕುಂಕುಮ ಹಚ್ಚಿ ಆರತಿ ಬೆಳಗಿದೆ.

ಬಂದ ಮೇಲೆ ಅವಳು ಚಾಲೂ ಮಾಡಿದಾಗ ಸದ್ದೇ ಇರಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ. ಒಳಗೆ ಸೇರಿದ್ದ ನೂಲಿನ ಜುಂಗು ಎಣ್ಣೆ ಕುಡಿದು ಅಂಟಿನಂತಾಗಿ, ಫ್ಯಾನು ತಿರುಗುವುದನ್ನೇ ಬಿಟ್ಟಿತ್ತು ಎಂಬುದು ಆಗ ತಿಳಿಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ‘ಟಪ್’ ಎಂದಿತು. ಸುಟ್ಟ ವಾಸನೆ ಬಂತು. ಪರದೆ ಕಪ್ಪಾಯಿತು.

ಅವಳು ಪೆಟ್ಟಿಗೆ ಬಿಚ್ಚಿದಳು. ರ್‍ಯಾಮ್ ತೆಗೆದು ರಬ್ಬರಿನಿಂದ ತಿಕ್ಕಿ ಮತ್ತೆ ಕೂಡಿಸಿದಳು. ಒಂದೊಂದೇ ವೈರು ಕಿತ್ತು ಹಚ್ಚಿದಳು. ಆ ಹಿಂದಿನ ಫ್ಯಾನು ಇದ್ದ ಪವರ್ ಸಪ್ಲೈ ತೆಗೆದು, ಪರಿಚಯದ ಅಂಗಡಿಯಿಂದ ಬೇರೊಂದನ್ನು ಬೇಡಿ ತಂದು ಜೋಡಿಸಿದಳು. ಒಳಗಿನ ಇನ್ನೊಂದು ಸಣ್ಣ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ, ಅರ್ಧ ಸುತ್ತು.

ಪಕ್ಕದ ಮನೆಯ ನೇಕಾರ ಬಾಗಿಲಲ್ಲಿ ಇಣುಕಿದ. “ಏನವಾ ಡಾಕ್ಟರಬಾಯಿ, ಹೊಟ್ಟಿ ಕೊಯ್ದಿ, ಹೊಲಿಯಾಕ ಬರತೈತೋ ಇಲ್ಲೋ?”

“ಹೊಲಿಗಿ ಆಮ್ಯಾಲ್ರಿ ಕಾಕಾ, ಮದಲ ಜೀವಾ ಬರ್ಲಿ,” ಎಂದಳು. ನಗಲಿಲ್ಲ. ಅವಳು ಬರೆದ ನಮೂನೆಗಳೆಲ್ಲ ಅದರ ಡಿಸ್ಕಿನಲ್ಲೇ ಇದ್ದವು. ಬೇರೆಲ್ಲೂ ಇಟ್ಟಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದಳು. “ಮಾವಾರ, ನಾ ಇಲ್ಲದಾಗ ಯಾರರ ಇದನ್ನ ಮುಟ್ಟಿದ್ರೇನ್ರಿ?”

“ಯಾರ ಮುಟ್ಟತಾರವಾ? ಅದರ ಕಿವಿ ಯಾವುದು ಮೂಗು ಯಾವುದು ನನಗ ಗೊತ್ತಿಲ್ಲ.”

ಸುಟ್ಟುಹೋದ ಪವರ್ ಸಪ್ಲೈ ಕೈಗೆತ್ತಿಕೊಂಡು ಅವಳು ಜಾಲರಿಯ ಮೇಲೆ ಬೆರಳಾಡಿಸಿದಳು. ಬೆರಳನ್ನು ಮೂಸಿದಳು. ಮಗ್ಗದ ಎಣ್ಣೆಯ ವಾಸನೆ ನಮ್ಮ ಮನೆಯಲ್ಲಿ ಯಾರಿಗೆ ತಿಳಿಯದು? ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ.

ಅಷ್ಟರಲ್ಲಿ ಮಗ ಬಂದ. “ಅಂಗಡ್ಯಾಗಿಂದು ತಗೋ ಅಂದ್ರ, ನಾನ ಮಾಡತೇನಿ ಅಂದಿ. ಎಲ್ಲೋ ವೈರ್ ತಪ್ಪಾಗಿ ಕೂಡಿಸೀದಿ ನೋಡು! ಸಾಕಿನ್ನ ಈ ಆಟ.”

ನಾನು ಕೆಮ್ಮಿದೆ.

“ಹೌದ್ರಿ, ನಂದ ತಪ್ಪಾಗಿರಬೇಕು,” ಎಂದು ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಡಿಸ್ಕನ್ನು ಬೆಳಗಾವಿಗೆ ಒಯ್ದರು. ಅದೂ ಸುಟ್ಟಿತ್ತು, ತೆರೆಯಲೇ ಇಲ್ಲ. ನಮೂನೆಗೆ ಬರುತ್ತಿದ್ದವರು ಬೇರೆ ಕಡೆ ಹೋದರು. ಅವಳು ಮತ್ತೆ ಏನನ್ನೂ ಜೋಡಿಸಲಿಲ್ಲ, ಬರೆಯಲೂ ಇಲ್ಲ. ಈಗ ನನ್ನ ಎದುರಿಗೇ ಕುಳಿತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಾಳೆ. ಹೇಳಬೇಕೆಂದು ಬಾಯಿ ತೆರೆಯುತ್ತೇನೆ. “ಇವತ್ತ ಬಿಸಲ ಜೋರೈತಿ” ಎಂಬ ಮಾತು ಹೊರಗೆ ಬರುತ್ತದೆ. “ಹೌದ್ರಿ ಮಾವಾರ,” ಎನ್ನುತ್ತಾಳೆ.

ಸುಳ್ಳು ಹೇಳಿದ್ದನ್ನು ದೇವರ ಮುಂದೆ ಒಪ್ಪಿಕೊಂಡಿದ್ದೇನೆ. ಮಗನಿಗೂ ಹೋದ ತಿಂಗಳು ಹೇಳಿದೆ. ಅವನು ತಲೆ ತಗ್ಗಿಸಿ ಎದ್ದು ಹೋದ. ಇಷ್ಟಾದರೂ ನಾನು ಕ್ಷಮೆ ಕೇಳದೆ ಉಳಿದಿರುವುದು ಒಬ್ಬಳನ್ನೇ, ನನ್ನ ಸೊಸೆಯನ್ನು.